ಏಳು ಸೀಸೆ ನೀರು

ಕೊಡ ಮೇಲೆ ಬರುವಷ್ಟರಲ್ಲಿ ಹಗ್ಗ ಎರಡು ಸಲ ಕೈಯಿಂದ ಜಾರಿತು. ತಂಗಿ ಬಾವಿಕಟ್ಟೆಗೆ ಮೊಣಕಾಲು ಒತ್ತಿಕೊಂಡು ಮತ್ತೆ ಎಳೆದಳು. ಗೋಡೆಯ ಆಚೆಯಿಂದ ಅಕ್ಕನ ಮಗಳು ಬಗ್ಗಿ ಕೊಡ ಇಸಿದುಕೊಂಡಳು.

"ಸಾಕಾ?"

"ಇನ್ನೊಂದು ಬೇಕು ಚಿಕ್ಕಮ್ಮ. ತಲೆಗೂ ಹಾಕ್ಬೇಕಲ್ಲ."

ಅಪ್ಪ ಬದುಕಿದ್ದಾಗಲೇ ಮನೆಯನ್ನು ಇಬ್ಬರು ಹೆಣ್ಣುಮಕ್ಕಳಿಗೆ ಸಮನಾಗಿ ಭಾಗ ಮಾಡಿ, ನಡುವೆ ಎದೆಯೆತ್ತರದ ಗೋಡೆ ಎಬ್ಬಿಸಿದ್ದ. ಬಾವಿಯನ್ನು ಭಾಗ ಮಾಡುವುದು ಹೇಗೆಂದು ತಿಳಿಯದೆ ಗೋಡೆಯನ್ನೇ ಅದರ ಮೇಲೆ ಹಾಯಿಸಿ, ಅರ್ಧ ಬಾಯಿ ಅಕ್ಕನಿಗೆ, ಅರ್ಧ ಬಾಯಿ ತಂಗಿಗೆ ಎಂದು ಬಿಟ್ಟಿದ್ದ. ಅಕ್ಕ ಹಾಸಿಗೆ ಹಿಡಿದ ಮೇಲೆ ಆ ಕಡೆಯ ರಾಟೆ ಮುರಿದು ಬಿದ್ದಿತ್ತು. ಆದ್ದರಿಂದ ಅವಳ ಕೊನೆಯ ಸ್ನಾನಕ್ಕೆ ನೀರು ಈ ಕಡೆಯಿಂದಲೇ ಹೋಗಬೇಕಾಯಿತು. ಒಂಬತ್ತು ವರ್ಷಗಳಲ್ಲಿ ಆ ಗೋಡೆಯ ಮೇಲಿಂದ ದಾಟಿದ ಮೊದಲ ಕೊಡ ಅದು.

ಎರಡನೆಯ ಕೊಡ ಕೊಟ್ಟು ತಂಗಿ ಒಳಗೆ ಬಂದಳು. ಮುಂದಿನ ಕೋಣೆಯಲ್ಲಿ ಗಂಡ ಕುರ್ಚಿಯ ಮೇಲೆ ಕೂತು ಬಾಗಿಲ ಕಡೆಗೆ ಬೆನ್ನು ಹಾಕಿದ್ದ. ಬಣ್ಣದ ಕಾರ್ಖಾನೆ ಮುಚ್ಚಿ ಅಷ್ಟು ಕಾಲವಾದರೂ ಬೀದಿಯವರಿಗೆಲ್ಲ ಅವನು ಇನ್ನೂ ಮೇಸ್ತ್ರಿಯೇ. ಇಪ್ಪತ್ತಾರು ವರ್ಷ ದಾರಕ್ಕೆ ಬಣ್ಣ ಕಟ್ಟಿದವನು. ಈಗ ಒಂದು ಗೋದಾಮಿನಲ್ಲಿ ಮೂಟೆ ತೂಗುತ್ತಿದ್ದ.

"ನೀನು ಹೋಗು, ನಾನು ತಡೆಯಲ್ಲ" ಎಂದು ಬೆಳಗ್ಗೆಯೇ ಹೇಳಿದ್ದ. "ಆದರೆ ನನ್ನ ಕರೀಬೇಡ."

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಬೀದಿಗಿಳಿದು, ಪಕ್ಕದ ಬಾಗಿಲಿಗೆ ಹೋದಳು.

ಒಳಗೆ ಹೆಂಗಸರು ಐದಾರು ಜನ ಇದ್ದರು. ಎದುರುಮನೆಯ ಟೈಲರ್ ಹೆಂಡತಿ ನೀರು ಹೊಯ್ಯುತ್ತಿದ್ದಳು. ಅಕ್ಕ ಇಷ್ಟು ಸಣ್ಣಗಾಗಿದ್ದಾಳೆಂದು ತಂಗಿಗೆ ತಿಳಿದಿರಲಿಲ್ಲ. ಅವಳ ಪಾದ ಹಿಡಿದು ಬೆರಳ ಸಂದುಗಳನ್ನು ಉಜ್ಜುತ್ತ ಕೂತಳು. ಯಾರೂ ಅವಳಿಗೆ ಜಾಗ ಬಿಡಿ ಎನ್ನಲಿಲ್ಲ, ಯಾಕೆ ಬಂದೆ ಎಂದೂ ಕೇಳಲಿಲ್ಲ.

ಅಡುಗೆಮನೆಯಿಂದ ಒಬ್ಬಳು ಒಂದು ಡಬ್ಬಿ ಹಿಡಿದು ಬಂದಳು. "ಟೀ ಮಾಡೋಣ ಅಂತ ಸಕ್ಕರೆ ಹುಡುಕಿದೆ. ನೋಡ್ರೇ ಇಲ್ಲಿ, ಡಬ್ಬಿ ಮೇಲೆ ತಾರೀಕು. ಉಪ್ಪಿನ ಡಬ್ಬಿ ಮೇಲೂ ತಾರೀಕು."

"ಸೀಸೆ ಟೀಚರ್ ಅಂತ ಸುಮ್ನೆ ಕರೀತಿದ್ವಾ?" ಎಂದಳು ಟೈಲರ್ ಹೆಂಡತಿ. ಆಮೇಲೆ ದನಿ ತಗ್ಗಿಸಿ, "ಬದುಕಿದ್ದಾಗ ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೆದಳು. ನಮ್ಮ ಮೈದುನಂದು ಕೆಲಸ ಹೋಯ್ತು, ಅವನ ಮದುವೆ ಮುರಿದು ಬಿತ್ತು. ಆದ್ರೂ ಏನೇ ಹೇಳು, ಒಂದು ದಿನ ಯಾರಿಗೂ ಎದುರು ಮಾತಾಡಿದವಳಲ್ಲ. ಬೈದ್ರೆ ಬೈಸಿಕೊಂಡು ಹೋಗ್ತಿದ್ಳು" ಎಂದಳು.

ತಂಗಿ ತಲೆ ಎತ್ತದೆ ಇನ್ನೊಂದು ಪಾದ ಹಿಡಿದುಕೊಂಡಳು.

*

ಅಕ್ಕ ಟೀಚರ್ ಆಗಿರಲಿಲ್ಲ. ಶಾಲೆಯ ಪ್ರಯೋಗಶಾಲೆಯಲ್ಲಿ ಅಟೆಂಡರ್. ಮೂವತ್ತು ವರ್ಷ ಗಾಜಿನ ನಳಿಕೆ ತೊಳೆದು, ಸೀಸೆಗಳಿಗೆ ಚೀಟಿ ಅಂಟಿಸಿ, ಯಾವುದು ಆಮ್ಲ ಯಾವುದು ಬರೀ ನೀರು ಎಂದು ಮಕ್ಕಳಿಗೆ ತಾಕೀತು ಮಾಡಿದವಳು. ಗಂಡ ಬೇಗ ತೀರಿಹೋಗಿದ್ದ. ಮಗಳನ್ನು ಓದಿಸಿ ಮದುವೆ ಮಾಡಿ, ನಿವೃತ್ತಿಯಾಗಿ ಮನೆಯಲ್ಲಿ ಕೂತ ವರ್ಷವೇ ಬಾವಿಯ ನೀರಿಗೆ ಬಣ್ಣ ಬರತೊಡಗಿತು.

ಮೊದಲು ತೆಳು ನೇರಳೆ. ಆಮೇಲೆ ಕೆಲವು ವಾರ ತುಕ್ಕಿನ ಬಣ್ಣ. ಕಾರ್ಖಾನೆ ಹಿಂದಿನ ಹಳ್ಳಕ್ಕೆ ಕೊಳೆನೀರು ಬಿಡುತ್ತದೆಂದು ಬೀದಿಗೆಲ್ಲ ಗೊತ್ತಿತ್ತು. ಆದರೆ ಪ್ರತಿ ಎರಡನೆಯ ಮನೆಯಿಂದ ಒಬ್ಬರು ಅಲ್ಲೇ ದುಡಿಯುತ್ತಿದ್ದರು. ಯಾರು ಬಾಯಿ ಬಿಡುತ್ತಾರೆ? ಅಕ್ಕ ದೂರು ಬರೆದಳು. ಅಧಿಕಾರಿಗಳು ಬಂದು ಕೊಳವೆಯ ಬಾಯಲ್ಲಿ ನೀರು ಹಿಡಿದರೆ ಕನ್ನಡಿಯ ಹಾಗೆ ತಿಳಿಯಾಗಿತ್ತು. ಮೂರು ಸಲ ಬಂದರು, ಮೂರು ಸಲವೂ ಅಷ್ಟೇ. ಕಾರ್ಖಾನೆಯವರು ಕೊಳೆನೀರನ್ನು ತೊಟ್ಟಿಯಲ್ಲಿ ತುಂಬಿಟ್ಟು, ಅಧಿಕಾರಿಗಳಿಲ್ಲದ ದಿನ ನೋಡಿ ಒಮ್ಮೆಗೇ ಬಿಡುತ್ತಿದ್ದರು. ಆ ದಿನ ಯಾವುದೆಂದು ಗೊತ್ತಿದ್ದದ್ದು ಮೂವರಿಗೆ: ಮಾಲೀಕ, ಸೂಪರ್‌ವೈಸರ್, ಬಣ್ಣದ ಮೇಸ್ತ್ರಿ.

ಮೇಸ್ತ್ರಿ ಹೆಂಡತಿಗೆ ಏನನ್ನೂ ಗುಟ್ಟಾಗಿ ಹೇಳಿದವನಲ್ಲ. ಊಟಕ್ಕೆ ಕೂತಾಗ, "ನಾಳೆ ಮಧ್ಯಾಹ್ನ ಬರೋದು ತಡ ಆಗತ್ತೆ, ತೊಟ್ಟಿ ಖಾಲಿ ಮಾಡಿಸ್ಬೇಕು" ಎನ್ನುತ್ತಿದ್ದ. ಅಷ್ಟೇ.

ಈಗ ದೂರದ ಊರಿನಲ್ಲಿ ಕೆಲಸದಲ್ಲಿರುವ ಅವರ ಮಗಳಿಗೆ ಆಗ ಹನ್ನೆರಡು ವರ್ಷ. ಬಾವಿನೀರಲ್ಲಿ ಸ್ನಾನ ಮಾಡಿ ಮಾಡಿ ಕಾಲೆಲ್ಲ ಬಿರಿದು, ರಸಿಗೆ ಸಾಕ್ಸು ಅಂಟಿಕೊಂಡು, ಸಂಜೆ ಬಿಚ್ಚುವಾಗ ಹುಡುಗಿ ಹಲ್ಲು ಕಚ್ಚುತ್ತಿದ್ದಳು. ಒಂದು ದಿನ ಹಾಗೆ ಸಾಕ್ಸು ಬಿಚ್ಚಿಸಿ, ಅದನ್ನು ತೊಳೆಯಲು ಬಾವಿಕಟ್ಟೆಗೆ ಬಂದ ತಂಗಿ, ಗೋಡೆಯ ಆಚೆ ಪಾತ್ರೆ ಉಜ್ಜುತ್ತಿದ್ದ ಅಕ್ಕನಿಗೆ, "ನಾಳೆ ಮಧ್ಯಾಹ್ನ ತೊಟ್ಟಿ ಬಿಡ್ತಾರಂತೆ" ಎಂದಳು.

ಅಕ್ಕ ಪಾತ್ರೆ ಕೆಳಗಿಟ್ಟಳು. "ಎಷ್ಟು ಹೊತ್ತಿಗೆ?"

"ಊಟದ ಹೊತ್ತಿಗೆ."

ಹೀಗೆ ಏಳು ಸಲ ಆಯಿತು. ಏಳು ಸಲವೂ ಅಕ್ಕ ಹಳ್ಳದ ಬದಿಗೆ ಹೋಗಿ ಸೀಸೆಯಲ್ಲಿ ನೀರು ಹಿಡಿದಳು. ಕೊಳವೆಯ ಪಕ್ಕ ಆ ದಿನದ ಪೇಪರ್ ಹಿಡಿದು ಫೋಟೋ ತೆಗೆದಳು. ಸೀಸೆಯನ್ನು ನೇರ ಶಾಲೆಗೆ ಒಯ್ದು, ವಿಜ್ಞಾನದ ಮೇಷ್ಟ್ರ ಎದುರು ಅರಗು ಹಾಕಿ ಮುಚ್ಚಿಸಿ, ತಾರೀಕು, ಗಂಟೆ, ನಿಮಿಷ ಬರೆಸಿ ಸಹಿ ಹಾಕಿಸಿದಳು. ಆ ಏಳು ಸೀಸೆ ಹೊತ್ತುಕೊಂಡು ಪರಿಸರದ ಕೇಸು ನಡೆಸುವ ನ್ಯಾಯಮಂಡಳಿಗೆ ಹೋದಳು.

*

ಅಕ್ಕನ ವಕೀಲೆ ಹತ್ತು ಗಂಟೆಗೆ ಬಂದಳು. ಆಗ ಹೊಸದಾಗಿ ಕೋಟು ತೊಟ್ಟವಳು, ಈಗ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಹೊದಿಸಿ ಮಲಗಿಸಿದ್ದ ದೇಹದ ಮುಂದೆ ಸ್ವಲ್ಪ ಹೊತ್ತು ನಿಂತು, ಗೋಡೆಗೆ ಒರಗಿ ಕೂತಿದ್ದ ತಂಗಿಯ ಪಕ್ಕ ಬಂದು ಕೂತಳು.

"ನೀವು ಅವರ ತಂಗಿ ಅಲ್ವಾ? ಮುಖ ನೋಡಿದ್ರೇ ಗೊತ್ತಾಗತ್ತೆ."

"ಹೌದು."

"ನಾನು ಒಂದ್ಸಲ ಕೇಳಿದ್ದೆ ಅವರನ್ನ. ಪಕ್ಕದ ಮನೆಯವರೂ ಬಾವಿ ನೀರಿನ ಬಗ್ಗೆ ಸಾಕ್ಷಿ ಹೇಳಿದ್ರೆ ಕೇಸಿಗೆ ಬಲ ಬರತ್ತೆ, ನಿಮ್ಮ ತಂಗೀನ ಕರೆಸೋಣ್ವಾ ಅಂತ. ಅದಕ್ಕೆ ಅವರು, ಅವಳು ಬೇಡ, ಅವಳಿಗೆ ಏನೂ ಗೊತ್ತಿಲ್ಲ ಅಂದ್ರು. ಆಮೇಲೆ ನನಗೆ ಆ ಮಾತು ಎತ್ತೋಕೆ ಬಿಡಲೇ ಇಲ್ಲ." ವಕೀಲೆ ಕರವಸ್ತ್ರ ಮಡಚಿದಳು. "ಎಷ್ಟು ಕೇಸು ನಡೆಸಿದೀನಿ. ಗೆದ್ದ ದಿನ ಅತ್ತಿದ್ದನ್ನ ನೋಡಿದ್ದು ಅವರೊಬ್ಬರನ್ನೇ."

ತಂಗಿ ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅಕ್ಕನ ಮಗಳು ಬಾಗಿಲಿಂದ ಕರೆದಳು.

"ಚಿಕ್ಕಮ್ಮ, ಸ್ವಲ್ಪ ಬನ್ನಿ."

ಓಣಿಯ ಬಾಯಿ ಚಿಕ್ಕದು, ಗಾಡಿ ಒಳಗೆ ಬರುವುದಿಲ್ಲ. ಸ್ಮಶಾನ ಹಳ್ಳದ ಆಚೆ, ಅರ್ಧ ಮೈಲಿ. ಹೊತ್ತುಕೊಂಡೇ ಹೋಗಬೇಕು. ಅಕ್ಕನ ಅಳಿಯ, ಅವನ ಅಣ್ಣ, ಶಾಲೆಯ ಆ ಮುದಿ ವಿಜ್ಞಾನದ ಮೇಷ್ಟ್ರು. ಮೂರು ಜನ. ಮೇಷ್ಟ್ರು ತಾವೇ ಕೋಲೂರಿಕೊಂಡು ಬಂದಿದ್ದರು.

ಎದುರುಗಡೆ ಟೈಲರ್ ಅಂಗಡಿಯ ತಗಡಿನ ನೆರಳಲ್ಲಿ ಹತ್ತು ಹನ್ನೆರಡು ಗಂಡಸರು ನಿಂತಿದ್ದರು. ಎಲ್ಲರೂ ಹಳೆಯ ಕಾರ್ಖಾನೆಯವರು. ನಡುವೆ ಸೂಪರ್‌ವೈಸರ್. ಮಣ್ಣಿಗೆ ಬಂದವರ ಹಾಗೂ ಇದ್ದರು, ದಾರಿಯಲ್ಲಿ ಹೋಗುತ್ತ ಸುಮ್ಮನೆ ನಿಂತವರ ಹಾಗೂ ಇದ್ದರು. ಒಬ್ಬನೂ ಬೀದಿ ದಾಟಿರಲಿಲ್ಲ.

"ಅವರನ್ನ ಕೇಳೋಕೆ ನನಗೆ ಬಾಯಿ ಬರಲ್ಲ," ಎಂದಳು ಅಕ್ಕನ ಮಗಳು. "ಚಿಕ್ಕಪ್ಪ ಬರಲ್ವಾ?"

*

ಅಕ್ಕ ಸಾಕ್ಷಿ ಹೇಳಿದ ದಿನ ಮೇಸ್ತ್ರಿಯೂ ಆ ಹಾಲಿನಲ್ಲಿದ್ದ. ಕಂಪನಿಯ ಕಡೆಯ ಸಾಕ್ಷಿಯೆಂದು ಅವನನ್ನು ಕರೆದೊಯ್ದಿದ್ದರು. ಆ ಸಂಜೆ ಮನೆಗೆ ಬಂದವನು ಅಂಗಿ ಬಿಚ್ಚುವುದಕ್ಕೂ ಮೊದಲು ಹೆಂಡತಿಗೆ ಎಲ್ಲ ಹೇಳಿದ್ದ.

"ನಮ್ಮ ವಕೀಲರು ಸರಿಯಾಗೇ ಹಿಡಿದ್ರು. ಅಮ್ಮಾ, ಏಳು ಸಲ ನೀರು ಬಿಟ್ಟಿದ್ದಾರೆ ಅಂತೀರಿ. ಏಳಕ್ಕೆ ಏಳೂ ಸಲ ಸರಿಯಾಗಿ ಆ ಹೊತ್ತಿಗೇ ನೀವು ಸೀಸೆ ಹಿಡ್ಕೊಂಡು ಅಲ್ಲಿ ಹೇಗಿದ್ರಿ? ಯಾರು ಹೇಳಿದ್ರು ನಿಮಗೆ? ಅಂತ ಕೇಳಿದ್ರು."

ತಂಗಿಯ ಕೈಯಲ್ಲಿ ನೀರಿನ ಲೋಟ ಇತ್ತು. "ಏನಂದ್ಳು?"

"ನನ್ನ ಕಡೆ ನೋಡಿದ್ಳು. ಆಮೇಲೆ, ಯಾರೂ ಹೇಳಿಲ್ಲ, ನಾನು ದಿನಾ ಹೋಗ್ತಿದ್ದೆ, ಕೆಲಸ ಇಲ್ಲದ ಹೆಂಗಸು, ಏಳು ಸಲ ಸಿಕ್ಕಿತು ಅಂದ್ಳು. ಪ್ರಮಾಣ ಮಾಡಿ ಸುಳ್ಳು ಹೇಳ್ತಾಳಲ್ಲೇ! ದಿನಾ ಹೋಗಿದ್ರೆ ನನ್ನ ಕಣ್ಣಿಗೆ ಬೀಳ್ತಿರ್ಲಿಲ್ವಾ? ಒಳಗಿನವರೇ ಯಾರೋ ಹೇಳಿದ್ದಾರೆ."

ಮಕ್ಕಳಾಟದಲ್ಲೂ ಸುಳ್ಳು ಹೇಳದ ಅಕ್ಕ. ತಂಗಿ ಲೋಟವನ್ನು ಕೆಳಗಿಟ್ಟು ಒಳಗೆ ಹೋಗಿದ್ದಳು.

ನಾಲ್ಕು ತಿಂಗಳಿಗೆ ಆದೇಶ ಬಂತು. ಶುದ್ಧೀಕರಣ ಘಟಕವನ್ನು ಆರು ತಿಂಗಳೊಳಗೆ ಸ್ಥಾಪಿಸತಕ್ಕದ್ದು, ಅಲ್ಲಿಯವರೆಗೆ ಒಂದು ಹನಿ ತ್ಯಾಜ್ಯವನ್ನೂ ಹೊರಬಿಡತಕ್ಕದ್ದಲ್ಲ ಎಂದು. ಕಾರ್ಖಾನೆ ಮುಚ್ಚಿ ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಘಟಕ ಕಟ್ಟುತ್ತಾರೆ, ನೀರು ಸರಿಹೋಗುತ್ತದೆ, ಕೆಲಸವೂ ಉಳಿಯುತ್ತದೆ ಎಂದೇ ಅಕ್ಕತಂಗಿಯರಿಬ್ಬರೂ ನಂಬಿದ್ದರು. ಮಾಲೀಕ ಲೆಕ್ಕ ಹಾಕಿ ನೋಡಿ ಗೇಟಿಗೆ ಬೀಗ ಜಡಿದು ಬೇರೆ ಊರಿಗೆ ಹೋದ. ನೂರ ನಲವತ್ತು ಜನ ಬೀದಿಗೆ ಬಂದರು. ಹೋಗುವ ಮೊದಲು ಮಾಲೀಕ, ಗುಟ್ಟು ಬಿಟ್ಟುಕೊಟ್ಟವನು ಮೇಸ್ತ್ರಿಯೇ, ಅವನ ನಾಲಿಗೆಯೇ ನಿಮ್ಮ ಅನ್ನ ಕಿತ್ತದ್ದು ಎಂದು ಎಲ್ಲರ ಎದುರು ಹೇಳಿಹೋದ.

ಮೇಸ್ತ್ರಿ ಮಗಳ ತಲೆಯ ಮೇಲೆ ಕೈ ಇಟ್ಟು ಆಣೆ ಮಾಡಿದ. ಯಾರೂ ನಂಬಲಿಲ್ಲ. ಸೂಪರ್‌ವೈಸರ್ ಪಕ್ಕದ ಊರಿನ ಗಿರಣಿಯಲ್ಲಿ ಹೇಳಿಸಿ ಇಪ್ಪತ್ತು ಜನಕ್ಕೆ ಕೆಲಸ ಕೊಡಿಸಿದ. ಮೇಸ್ತ್ರಿಯ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಅಂದಿನಿಂದ ಅಕ್ಕನ ಹೆಸರನ್ನು ಈ ಮನೆಯಲ್ಲಿ ಎತ್ತಕೂಡದೆಂದು ಅವನು ಕಟ್ಟುಮಾಡಿದ. "ಯಾರು ಹೇಳಿದ್ದು ಅಂತ ಅವಳಿಗೆ ಗೊತ್ತು. ಒಂದು ಮಾತು ಹೇಳಿದ್ರೆ ನನ್ನ ಮೇಲಿನ ಮಸಿ ಹೋಗ್ತಿತ್ತು. ಹೇಳಲ್ಲ ಅವಳು."

ಬೀಗ ಬಿದ್ದ ಮರುದಿನ ಅಕ್ಕ ಬಾವಿಯ ಹತ್ತಿರ ನಿಂತು ಕಾಯುತ್ತಿದ್ದಳು. ತಂಗಿ ಹೋದಾಗ ಗೋಡೆಯ ಮೇಲೆ ಕೈ ಇಟ್ಟು, "ನೀನು ಹೇಳಿದ್ದು ಅಂತ ಯಾರಿಗೂ ಹೇಳ್ಬೇಡ. ಅವನಿಗಂತೂ ಹೇಳಲೇಬೇಡ. ನಿನ್ನ ಸಂಸಾರ ನೋಡ್ಕೋ. ನನಗಾದ್ರೆ ಯಾರಿದ್ದಾರೆ, ಬೈದ್ರೆ ಬೈತಾರೆ" ಎಂದಳು. ಅವರಿಬ್ಬರ ನಡುವೆ ನಡೆದ ಕೊನೆಯ ಮಾತು ಅದು. ಅಕ್ಕ ಮತ್ತೆ ಗೋಡೆಯ ಹತ್ತಿರ ಬರಲಿಲ್ಲ. ತಂಗಿಯೂ ಕರೆಯಲಿಲ್ಲ. ಮೂರು ವರ್ಷಕ್ಕೆ ಬಾವಿ ತಿಳಿಯಾಯಿತು. ಹುಡುಗಿಯ ಕಾಲಿನ ಕಲೆಯೂ ಮಾಸಿತು.

*

ಮೇಸ್ತ್ರಿ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ತಂಗಿ ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು.

"ರೀ."

"ಕರೀಬೇಡ ಅಂದಿದ್ನಲ್ಲ."

"ಕರೆಯೋಕೆ ಬಂದಿಲ್ಲ. ತೊಟ್ಟಿ ಬಿಡೋ ದಿನ ಅಕ್ಕಂಗೆ ಹೇಳ್ತಿದ್ದದ್ದು ನಾನು."

ಅವನು ತಿರುಗಲಿಲ್ಲ. ಬೀದಿಯಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು.

"ಯಾವ ದಿನ?"

"ಏಳೂ ದಿನ."

"ನಾನು ಊಟಕ್ಕೆ ಕೂತಾಗ ಹೇಳಿದ್ದನ್ನ."

"ಹೂಂ. ಹುಡುಗಿ ಕಾಲು ನೋಡೋಕೆ ಆಗ್ತಿರ್ಲಿಲ್ಲ. ಫಿಲ್ಟರ್ ಹಾಕ್ತಾರೆ, ಅಷ್ಟೇ ಆಗೋದು ಅಂದ್ಕೊಂಡಿದ್ದೆ."

ಅವನು ಎದ್ದು ನಿಂತ. ಅವಳ ಮುಖವನ್ನು, ಯಾವುದೋ ಗೊತ್ತಿರದ ಅಂಗಡಿಯ ಬೋರ್ಡು ಓದುವವನ ಹಾಗೆ ನೋಡಿದ. "ನಾನು ಮಗಳ ತಲೆ ಮೇಲೆ ಕೈ ಇಟ್ಟು ಆಣೆ ಮಾಡ್ದೆ. ನೀನು ಪಕ್ಕದಲ್ಲೇ ನಿಂತಿದ್ದೆ."

"ನಿಂತಿದ್ದೆ."

"ಒಂಬತ್ತು ವರ್ಷ ಈ ಬೀದೀಲಿ ತಲೆ ತಗ್ಗಿಸಿ ಓಡಾಡಿದೀನಿ. ಬಂದು ನಿನ್ನ ಹತ್ರಾನೇ ಹೇಳ್ಕೊಂಡು ಅತ್ತಿದೀನಿ."

ಅವಳು ಬಾಗಿಲಿಗೆ ಒರಗಿದಳು.

"ಇವತ್ತು ಯಾಕೆ ಹೇಳ್ದೆ?"

"ಹೇಳ್ಬೇಡ ಅಂದಿದ್ದು ಅವಳು. ಈಗ ಬೇಡ ಅನ್ನೋಕೆ ಅವಳಿಲ್ಲ."

ಮೇಸ್ತ್ರಿ ಗೂಟದಿಂದ ಅಂಗಿ ತೆಗೆದು ತೊಟ್ಟ. ಗುಂಡಿ ಹಾಕುವಾಗ ಬೆರಳು ಎರಡು ಸಲ ತಪ್ಪಿತು. ಅವಳು ಮುಂದೆ ಬಂದರೆ ಕೈ ಅಡ್ಡ ಹಿಡಿದ. ಬಾಗಿಲು ದೂಡಿಕೊಂಡು ಹೊರಗೆ ಹೋದ. ಗೋದಾಮಿನ ಕಡೆ ಹೋಗುತ್ತಾನೇನೋ, ಬಸ್ಸು ಹತ್ತಿ ಎಲ್ಲಿಗಾದರೂ ಹೋಗುತ್ತಾನೇನೋ ಎಂದುಕೊಂಡು ಅವಳು ಹಿಂದೆಯೇ ಬಂದಳು.

ಅವನು ನೇರ ಬೀದಿ ದಾಟಿ ಟೈಲರ್ ಅಂಗಡಿಯ ನೆರಳಿಗೆ ಹೋದ. ಗಂಡಸರು ಮಾತು ನಿಲ್ಲಿಸಿದರು.

"ಹೇಳಿದ್ದು ನಾನೇ," ಎಂದ ಸೂಪರ್‌ವೈಸರ್‌ಗೆ.

"ಏನದು?"

"ತೊಟ್ಟಿ ವಿಷಯ. ನನ್ನ ಬಾಯಿಂದಾನೇ ಹೋಗಿದ್ದು."

ತಂಗಿ ಬೀದಿಯ ನಡುವೆ ನಿಂತುಬಿಟ್ಟಳು. ಅಲ್ಲ, ನಾನು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೇಸ್ತ್ರಿ ಒಮ್ಮೆ ತಿರುಗಿ ನೋಡಿದ. ಕಣ್ಣಲ್ಲಿ ಕರುಣೆಯೂ ಇರಲಿಲ್ಲ, ಸಿಟ್ಟೂ ಕಾಣಲಿಲ್ಲ. ಅವಳು ತೆರೆದ ಬಾಯಿ ಮುಚ್ಚಿದಳು.

ಸೂಪರ್‌ವೈಸರ್ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡ. "ಒಂಬತ್ತು ವರ್ಷ ಇಲ್ಲ ಇಲ್ಲ ಅಂದೆ."

"ಅಂದೆ."

"ನಮಗೆ ಸಿಟ್ಟು ಬಂದಿದ್ದೇ ಅದಕ್ಕೆ ಕಣಯ್ಯ. ಅವತ್ತೇ ಹೂಂ ಅಂದಿದ್ರೆ ನಾಲ್ಕು ದಿನ ಬಾಯಿಗೆ ಬಂದ ಹಾಗೆ ಬೈದು ಸುಮ್ನಾಗ್ತಿದ್ವಿ. ನಮ್ಮ ಮನೆ ಬಾವೀಲಿ ಮಾತ್ರ ಪನ್ನೀರು ಬರ್ತಿತ್ತಾ? ನಮ್ಮ ಹೆಂಗಸರೂ ಅದನ್ನೇ ಸೋಸಿ ಕುಡಿಸ್ತಿದ್ದಿದ್ದು."

ಒಬ್ಬ ನಗುವುದಕ್ಕೆ ಹೋಗಿ, ಸತ್ತವರ ಮನೆಯ ಎದುರು ಎಂದು ನೆನಪಾಗಿ ನಿಲ್ಲಿಸಿದ. ಮೇಸ್ತ್ರಿ ನೆಲ ನೋಡುತ್ತಿದ್ದ. ಒಂಬತ್ತು ವರ್ಷ ಅವನು ಹೇಳಿದ್ದು ನಿಜ. ಆ ನಿಜಕ್ಕೇ ಅವನು ಹೊರಗಾಗಿದ್ದ. ಅದು ಗೊತ್ತಿದ್ದದ್ದು ಅಲ್ಲಿ ತಂಗಿಗೊಬ್ಬಳಿಗೇ.

"ಅಲ್ಲಿ ಒಬ್ರು ಕಮ್ಮಿ ಇದ್ದಾರೆ," ಎಂದ ಮೇಸ್ತ್ರಿ.

"ಒಬ್ರಲ್ಲ, ಇಬ್ರು. ಆ ಮೇಷ್ಟ್ರು ಹೊತ್ರೆ ನಾಳೆ ಅವರನ್ನೂ ಹೊರಬೇಕಾಗತ್ತೆ," ಎಂದು ಸೂಪರ್‌ವೈಸರ್ ಬೀದಿಗಿಳಿದ. ಅವನ ಹಿಂದೆ ಒಬ್ಬ, ಆಮೇಲೆ ಇನ್ನಿಬ್ಬರು, ಹಾಗೇ ಹೆಚ್ಚಿನವರೆಲ್ಲ ಇಳಿದರು. ಇಬ್ಬರು ಮಾತ್ರ ಅಲ್ಲೇ ಉಳಿದು, ಸ್ವಲ್ಪ ಹೊತ್ತಿಗೆ ಬೇರೆ ಓಣಿ ಹಿಡಿದು ಹೋದರು. ಅದರಲ್ಲಿ ಟೈಲರ್ ಹೆಂಡತಿಯ ಮೈದುನನೂ ಒಬ್ಬ.

ಚಟ್ಟ ಎತ್ತುವ ಹೊತ್ತಿಗೆ ಮೇಸ್ತ್ರಿ, ಹಿಡಿತ ತಪ್ಪೀತೆಂದು ಚಪ್ಪಲಿ ಬಿಟ್ಟು ಕಾಲೂರಿ ನಿಂತ. ತಲೆಯ ಕಡೆ ಎಡಭಾಗ ಅವನದು, ಬಲಭಾಗ ಸೂಪರ್‌ವೈಸರನದು. ಇಬ್ಬರೂ ಒಂದೇ ಎತ್ತರದವರಲ್ಲ. ಸೂಪರ್‌ವೈಸರ್ ಮಂಡಿ ತುಸು ಬಗ್ಗಿಸಿ ಸರಿ ಮಾಡಿಕೊಂಡ.

"ಹಗುರ," ಎಂದ ಅವನು, ಆಶ್ಚರ್ಯದಿಂದ.

ಹೆಂಗಸರು ಹಿಂದೆ ನಡೆದರು. ತಂಗಿ ಹೊಸ್ತಿಲ ಬಳಿ ಬಿದ್ದಿದ್ದ ಗಂಡನ ಚಪ್ಪಲಿ ಎತ್ತಿಕೊಂಡಳು.

ಸ್ಮಶಾನದಲ್ಲಿ ಕೆಲಸ ಬೇಗ ಮುಗಿಯಿತು. ವಿಜ್ಞಾನದ ಮೇಷ್ಟ್ರು ಏನಾದರೂ ಮಾತಾಡಬೇಕೆಂದು ಯಾರೋ ಹೇಳಿದರು. ಅವರು ಗಂಟಲು ಸರಿಮಾಡಿಕೊಂಡು, "ಅವರು ತೊಳೆದ ನಳಿಕೆಯನ್ನ ನಾನು ಎರಡನೇ ಸಲ ತೊಳೀತಿರ್ಲಿಲ್ಲ" ಎಂದರು. ಇನ್ನೂ ಏನೋ ಸೇರಿಸಲು ಯೋಚಿಸಿ, ಸಾಕೆನಿಸಿ ಹಿಂದಕ್ಕೆ ಸರಿದರು. ಅಕ್ಕನ ಮಗಳು ಆಗ ಗಟ್ಟಿಯಾಗಿ ಅತ್ತಳು. ತಂಗಿ ಅವಳನ್ನು ತಬ್ಬಿಕೊಂಡು ನಿಂತಳು.

ವಾಪಸು ಬರುವಾಗ ಗಂಡಸರು ಮುಂದೆ ಮುಂದೆ ಹೋದರು. ರಸ್ತೆಯ ತಿರುವಿನ ಟೀ ಅಂಗಡಿಯ ಹೊರಗೆ ಉದ್ದ ಬೆಂಚು. ಕಾರ್ಖಾನೆಯವರು ಒಬ್ಬೊಬ್ಬರಾಗಿ ಅದರ ಮೇಲೆ ಕೂತರು. ಮೇಸ್ತ್ರಿ ದಾಟಿ ಮುಂದೆ ಹೋಗುತ್ತಿದ್ದ.

"ಎಲ್ಲಿಗೆ ಹೊರಟೆ? ಕೂತ್ಕೋ," ಎಂದು ಸೂಪರ್‌ವೈಸರ್ ಪಕ್ಕಕ್ಕೆ ಸರಿದ. ಅವನು ಸರಿದದ್ದಕ್ಕೆ ಉಳಿದವರೂ ಸರಿಯಬೇಕಾಯಿತು. ಮೇಸ್ತ್ರಿ ಕೂತ. ಅವನ ಕೈಗೂ ಒಂದು ಲೋಟ ಬಂತು. ಅಲ್ಲಿ ಹೊಸ ಗಿರಣಿಯ ಮಾತು ಶುರುವಾಗಿತ್ತು: ಯಾವುದೋ ಕಂದು ಬಣ್ಣ ಎಷ್ಟು ಕುದಿಸಿದರೂ ದಾರಕ್ಕೆ ಹಿಡಿಯುತ್ತಿಲ್ಲವಂತೆ. ಮೇಸ್ತ್ರಿ ಕೇಳುತ್ತಾ ಕೇಳುತ್ತಾ, "ಉಪ್ಪು ಯಾವಾಗ ಹಾಕ್ತೀರಿ?" ಎಂದ.

ತಂಗಿ ಅಕ್ಕನ ಮಗಳನ್ನು ಮುಂದೆ ಕಳಿಸಿ ರಸ್ತೆಯ ಈ ಬದಿ ನಿಂತಿದ್ದಳು. ಬಿಸಿಲಿಗೆ ಡಾಂಬರು ಕಾದಿತ್ತು. ಬೆಂಚಿನ ಕೆಳಗೆ ಅವನ ಬರಿಗಾಲು ಒಂದರ ಮೇಲೊಂದು ಇತ್ತು. ಅವಳು ರಸ್ತೆ ದಾಟಿ ಹೋಗಿ, ಬಗ್ಗಿ, ಚಪ್ಪಲಿಗಳನ್ನು ಅವನ ಪಾದದ ಮುಂದೆ ಜೋಡಿಸಿಟ್ಟಳು. ಯಾರೂ ಮಾತು ನಿಲ್ಲಿಸಲಿಲ್ಲ. ಅವನೂ ತಲೆ ತಗ್ಗಿಸಿ ನೋಡಲಿಲ್ಲ.

"ಮೊದಲೇ ಹಾಕಿದ್ರೆ ಹಿಡಿಯಲ್ಲ, ನೀರು ಕಾದ ಮೇಲೆ ಹಾಕ್ಬೇಕು," ಎನ್ನುತ್ತಾ ಅವನು ಕಾಲಿನಿಂದಲೇ ತಡಕಾಡಿ ಒಂದು ಚಪ್ಪಲಿ ಮೆಟ್ಟಿದ. ಇನ್ನೊಂದು ಕಾಲು ಪಕ್ಕದ ನೆಲದ ಮೇಲೆ, ಚಪ್ಪಲಿಗೆ ತಾಗಿಯೂ ತಾಗದ ಹಾಗೆ, ಅಲ್ಲೇ ನಿಂತಿತ್ತು.